ಪೀಡೆ ಹೊರುವ ಮೀನು

ನಾನು ಹೆಬ್ಬೆರಳುದ್ದದ ಮೀಸೆಮೀನು. ಅಂಗಡಿಯವರು ನಮ್ಮನ್ನು ಕೋರಿ ಎನ್ನುತ್ತಾರೆ. ಮದರಾಸಿನ ಆಚೆ, ಒಂದು ಸಿಮೆಂಟು ತೊಟ್ಟಿಯ ಗೋಡೆಗೆ ಅಂಟಿದ್ದ ಮೊಟ್ಟೆಯಿಂದ ಹೊರಬಂದೆ. ನಮ್ಮದು ಒಂಟಿಯಾಗಿ ಬಾಳುವ ಜಾತಿಯಲ್ಲ. ಒಬ್ಬರ ಪಕ್ಕೆ ಇನ್ನೊಬ್ಬರಿಗೆ ತಾಗುತ್ತಿದ್ದರೇ ನಮಗೆ ಧೈರ್ಯ. ತಳದ ಮರಳನ್ನು ಮೀಸೆಯಿಂದ ತಡಕಿ ತಿನ್ನುವುದು ನಮ್ಮ ಕಸುಬು.

ಅಲ್ಲಿಂದ ಗದಗಿನ ಅಂಗಡಿಗೆ ಬಂದ ನಮ್ಮ ಆರು ಮಂದಿಯನ್ನೂ ರುದ್ರಗೌಡ ಮಾಸ್ತರರು ಕೊಂಡರು. "ಇವು ತಳದಾಗಿನ ಕಸಾ ತಿಂತಾವ್ರಿ ಸರ. ಬ್ಯಾರೆ ಊಟಾ ಹಾಕೂದ ಬ್ಯಾಡ" ಎಂದ ಅಂಗಡಿಯವನು. ಕಸದಿಂದ ಹೊಟ್ಟೆ ತುಂಬುವುದಾದರೆ ಅವನೇ ತಿಂದು ನೋಡಲಿ!

ಮಾಸ್ತರರ ಮನೆಯ ಗಾಜಿನ ತೊಟ್ಟಿಯಲ್ಲಿ ಮರಳಿರಲಿಲ್ಲ, ಚೂಪಾದ ಬಣ್ಣದ ಕಲ್ಲುಗಳಿದ್ದವು. ತಡಕಿ ತಡಕಿ ನಮ್ಮ ಮೀಸೆಗಳು ಸವೆದವು. ಅಲ್ಲಿ ಮೊದಲೇ ಇದ್ದ ಬಂಗಾರದ ಮೀನುಗಳು ತಿಂದು ಬಿಟ್ಟ ಕಾಳು ಕಲ್ಲಿನ ಸಂದಿಗೆ ಬಿದ್ದರೆ ನಮಗೆ ಸಿಗುತ್ತಿರಲಿಲ್ಲ. ನಮ್ಮಲ್ಲಿ ಒಬ್ಬ ಹಸಿವಿನಿಂದ ಸತ್ತ.

ಆಗ ಮಾಸ್ತರರ ಕಿಡ್ನಿ ಕೈಕೊಟ್ಟಿತ್ತು. ಅವರ ತಾಯಿ ನೀಲವ್ವ ಸತ್ತ ಮೀನನ್ನು ಎತ್ತಿ ಸೊಸೆಗೆ ಹೇಳಿದರು: "ಮಾರಿ ಸಣ್ಣ ಮಾಡಬ್ಯಾಡ ಕಸ್ತೂರಿ. ಮೀನ ಸತ್ತರ ಮನೀ ಪೀಡಾ ಹೊತ್ಕೊಂಡು ಹೋದಂಗ." ಆ ದಿನ ಮಾಸ್ತರರು ಎರಡು ತುತ್ತು ಹೆಚ್ಚು ಉಂಡರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು.

ಅಲ್ಲಿಂದ ಮುಂದೆ ನಾವೇಕೆ ಸಾಯುತ್ತೇವೆಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಹೋದಂತೆ ನೀಲವ್ವ ದೀಪ ಹಚ್ಚಿದರು. ಕೊನೆಗೆ ನಾನೂ ನನ್ನ ತಂಗಿಯೂ ಉಳಿದೆವು. ಅವಳು ಒಂದು ಬದಿಗೆ ವಾಲಿ ಏದುಸಿರು ಬಿಡುತ್ತಿದ್ದಾಗ ಅವಳಿಗೆ ಒತ್ತಿಕೊಂಡೇ ಇದ್ದೆ. ಅವಳನ್ನು ಎತ್ತಿದಾಗಲೂ ದೀಪ ಉರಿಯಿತು. ನನಗೆ ಹೊಟ್ಟೆ ಉರಿಯಿತು.

ಮಾಸ್ತರರು ಆಸ್ಪತ್ರೆ ಸೇರಿದರು. ಕಸ್ತೂರಿ ಗಾಜಿಗೆ ಹಣೆ ಹಚ್ಚಿ ಕುಳಿತಳು. "ನೀ ಒಬ್ಬಾವ ಉಳದೀ. ನೀನೂ ಹೋಗಪ್ಪಾ. ನನ್ನ ಕುಂಕುಮಾ ಉಳಸು."

ಅವಳ ಮೇಲೆ ಸಿಟ್ಟು ಬರಲಿಲ್ಲ. ಆದರೆ ಸಾವು ನನ್ನ ಕೈಯಲ್ಲಿರಲಿಲ್ಲ. ಉಸಿರು ಕಟ್ಟಿದಾಗ ನಮ್ಮ ಮೈ ತಾನಾಗಿ ಮೇಲೇರಿ ಒಂದು ಗುಟುಕು ಗಾಳಿ ಕುಡಿದು ಬರುತ್ತದೆ. ನಾನು ಉಳಿದೆ. ಮಾಸ್ತರರು ಹೋದರು.

ಬಂಗಾರದ ಮೀನುಗಳನ್ನು ನೆಂಟರು ಒಯ್ದರು. ಗಾಳಿಯ ಮೋಟಾರು ನಿಂತಿದೆ, ಗಾಜಿಗೆ ಪಾಚಿ ಹಿಡಿದಿದೆ. "ಇದು ಸಾಯಲಿಲ್ಲ ನೋಡ, ಅದಕ್ಕ ನನ್ನ ಮಗಾ ಹೋದ" ಎಂದು ನೀಲವ್ವ ಹಾದುಹೋಗುವಾಗಲೆಲ್ಲ ಶಪಿಸುತ್ತಾರೆ.

ಕಸ್ತೂರಿ ಮಾತ್ರ ಈಗ ದಿನವೂ ಹಿಡಿ ಕಾಳು ಹಾಕುತ್ತಾಳೆ. "ತಿನ್ನಪ್ಪಾ. ಇನ್ನ ನೀ ಸತ್ತು ಯಾರನ್ನ ಉಳಸಬೇಕಾಗೇತಿ?"

ಕಾಳು ಕಲ್ಲಿನ ಸಂದಿಗೆ ಇಳಿಯುತ್ತದೆ. ಮೀಸೆಯಿಲ್ಲದ ಮೋರೆಯಿಂದ ತಡಕುತ್ತೇನೆ, ಸಿಗುವುದಿಲ್ಲ. ಮೇಲೆ ಕಾಳು ಕಾಣದೆ ಹೋದಾಗ, ನಾನು ತಿಂದೆನೆಂದು ತಿಳಿದು ಅವಳು ಎದ್ದು ಹೋಗುತ್ತಾಳೆ.