ಅತ್ತೆ ನಿಂತಿದ್ದ ಕಡೆ

ನಾನು ಚಾಟಿ ಬೀಸಿದರೆ ಡಾರ್ವಿನ್ ಬಂದರಿನ ಹಡಗುಗಳು ಲಂಗರು ಕಿತ್ತುಕೊಂಡು ಓಡುತ್ತಿದ್ದವು. ಗುಡುಗಂತೂ ನಾಚಿಕೊಂಡು ಎರಡು ಮಳೆಗಾಲ ನಮ್ಮ ಕಡೆ ತಲೆ ಹಾಕಲಿಲ್ಲ. ಇಷ್ಟಾದರೂ ಹೊಸದಾಗಿ ಬಂದ ಬಿಳಿ ಹುಡುಗನಿಗೆ ಚಾಟಿ ಕಲಿಸಲು ಮ್ಯಾನೇಜರ್ ಕರೆದದ್ದು ನನ್ನನ್ನಲ್ಲ, ನನ್ನ ಹೆಂಡತಿಯ ತಮ್ಮ ಡಿಕ್ಸನ್‌ನನ್ನು.

"ನೀನ್ ಬ್ಯಾಡ ಕಣ್ಲಾ ಬಾರ್ನಿ, ಬಾಯಿಬಡುಕ ಕರಿನಾಯಿ. ಹೋಗು, ಸಗಣಿ ಬಾಚು."

ಬಾಚಿದೆ. ಆ ದನದ ಕಾವಲಿನಲ್ಲಿ ದನ ಅಟ್ಟುವವರೆಲ್ಲ ನಮ್ಮ ಕರಿ ಜನವೇ. ಒಂದು ಕಾಲಕ್ಕೆ ನೆಲವೂ ನಮ್ಮದೇ. ಕೂಲಿ ಮಾತ್ರ ಹುಳ ಬಿದ್ದ ಹಿಟ್ಟು, ಟೀ ಸೊಪ್ಪು, ದನ ಕೊಯ್ದ ದಿನ ತಲೆ, ಕರುಳು. ಡಿಕ್ಸನ್‌ಗೋ, ಮ್ಯಾನೇಜರನ ಜಗಲಿ ಮೆಟ್ಟಿಲ ಮೇಲೆ ಕೂತು ಬ್ರೆಡ್ಡಿಗೆ ಜಾಮ್ ಸವರಿಕೊಂಡು ತಿನ್ನುವ ಭಾಗ್ಯ. ಆ ವಾಸನೆಗೆ ನನ್ನ ಹೊಟ್ಟೆಯಲ್ಲಿ ಎದ್ದ ಕಿಚ್ಚಿನಲ್ಲಿ ಒಂದು ಗೂಳಿಯನ್ನು ಇಡಿಯಾಗಿ ಸುಡಬಹುದಿತ್ತು.

ದೊಡ್ಡಿ ಬೇಲಿಯ ಈಚೆ ಸಲಿಕೆ ಹಿಡಿದುಕೊಂಡೇ ಅವನ ಪಾಠ ಕೇಳಿದೆ.

"ಟೋಪಿ ಕಣ್ಣಿನ್ ಮಟ್ಟಕ್ ಎಳ್ಕಳಿ ಸಿರಿಲ್ ದೊರೆ. ತೋಳು ಮೈಯಿಂದ ದೂರ ಇರ್ಲಿ. ಚಾಟಿ ಪೂರಾ ಹಿಂದಕ್ ಚಾಚ್ಕಳ್ಲಿ, ಆಮ್ಯಾಕೆ ಮುಂದಕ್ ಬುಡಿ. ಸದ್ದು ಬರ್ಲಿ ಅಂತ ವಾಪಸ್ ಜಗ್ಗಬ್ಯಾಡಿ. ಜಗ್ಗಿದ್ರೆ ಕಿವಿ ಹೋಯ್ತದೆ."

ಸಿರಿಲ್ ಜಗ್ಗಿದ. ಕಾಂಗರೂ ತೊಗಲಿನ ತುದಿ ಅವನ ಕಿವಿಯ ಹಿಂದೆ ಕಚ್ಚಿತು. ಒಂಟಿ ಕಾಲಲ್ಲಿ ಕುಣಿದ. ನನಗೆ ಹಬ್ಬವೋ ಹಬ್ಬ.

"ನಾನಾಗಿದ್ರೆ ಉಚ್ಚೆ ಹುಯ್ದು ಬರೋದ್ರೊಳಗೆ ಕಲಿಸ್ತಿದ್ದೆ!" ಎಂದು ಕೂಗಿದೆ.

"ಬಾಯ್ ಮುಚ್ಕೊ ಭಾವ, ಸಗಣಿ ಒಳಕ್ ಹೋದಾತು," ಎಂದ ಡಿಕ್ಸನ್.

ಮ್ಯಾನೇಜರ್‌ಗೆ ಬೇಸರ ಬಂದಿತ್ತು. ಅವನ ಹೂವಿನ ಗಿಡಗಳಿಗೆ ನೀರು ಹೊರುತ್ತಿದ್ದ ಮುದುಕಿಯ ಕಡೆ ಕೈ ತೋರಿಸಿದ. "ಬಯಲಿಗೆ ಹೊಡ್ಕಂಡು ಏನ್ ಕಲೀತಾನೆ? ಗುರಿ ಬೇಕು. ಆ ಮುದಿ ಹೆಣಾನ ನಿಲ್ಸು. ಕೈಗೊಂದ್ ಕಾಗದ ಕೊಡು."

"ನಮ್ಮವ್ವ ದೊರೆ ಅದು," ಎಂದ ಡಿಕ್ಸನ್. "ಸಿರಿಲ್ ದೊರೆಗೆ ಇನ್ನೂ ಕೈ ಕೂತಿಲ್ಲ. ಕಣ್ಣಿಗ್ ಬಿದ್ರೆ?"

"ಇನ್ನೊಂದ್ ಕಣ್ ಇರ್ತದಲ್ಲ, ಅದ್ರಲ್ಲಿ ನೀರ್ ಹೊರ್ತಾಳೆ. ನಿಲ್ಸಲೇ!"

ಆಗ ನೋಡಿ, ನಾನು ಸಲಿಕೆ ಬಿಸಾಕಿ ಚಾಟಿ ತಗೊಂಡೆ. ಸಿರಿಲ್ ಬೀಸುವ ಮೊದಲೇ ಅವನ ಕೈಯ ಚಾಟಿಯನ್ನು ಹೂ ಬಿಡಿಸಿದಂತೆ ಬಿಡಿಸಿದೆ. ಅದೇ ಏಟಿನಲ್ಲಿ ಮ್ಯಾನೇಜರನ ಟೋಪಿಯನ್ನು ಗಾಳಿಯಂತ್ರದ ನೆತ್ತಿಗೆ ಸಿಕ್ಕಿಸಿದೆ. ಅತ್ತೆಯ ರೆಪ್ಪೆ ಕೂಡ ಅಲುಗಲಿಲ್ಲ!

ಕಥೆ ಇಲ್ಲಿಗೆ ಬಂದರೆ ಕೇಳುವವರು ಉಸಿರು ಬಿಗಿಹಿಡಿಯುತ್ತಾರೆ. ಮೊನ್ನೆ ಹೊಳೆದಂಡೆಯಲ್ಲಿ ಮೀನು ಸುಡುತ್ತ ಕೂತವರೂ ಹಿಡಿದಿದ್ದರು. ನನ್ನ ಹೆಂಡತಿ ರೂಬಿ ಮಾತ್ರ ಮೀನು ತಿರುವುತ್ತಲೇ ಕೇಳಿದಳು:

"ಅವ್ವನ ರೆಪ್ಪೆ ಅಲುಗ್ನಿಲ್ಲ ಅಂತ ನಿಂಗ್ ಹೆಂಗ್ ಗೊತ್ತು?"

ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ. ಅವಳು ಬಂದರೆ ಬೆನ್ನು ತಿರುಗಿಸಬೇಕು. ಅವಳಿಗೆ ಸಲ್ಲುವ ಮರ್ಯಾದೆ ಅದು.

"ನೋಡಿದ್ರೆ ನೀನ್ ಮಾನಗೆಟ್ಟೋನು. ನೋಡ್ನಿಲ್ಲ ಅಂದ್ರೆ ಸುಳ್ ಬೊಗಳ್ತಿದ್ದೀಯ. ಯಾವ್ದು, ಯೋಳು."

ನೋಡಲಿಲ್ಲ. ಅತ್ತೆಯನ್ನು ದೊಡ್ಡಿಗೆ ಕರೆತಂದಾಗಲೇ ಬೆನ್ನು ತಿರುಗಿಸಿ ಬೇಲಿಯ ಕಂಬ ಅಪ್ಪಿಕೊಂಡಿದ್ದೆ. ಚಾಟಿ ಗಾಳಿ ಸೀಳಿದ್ದು ಕೇಳಿತು. ಚಟೀರ್ ಸದ್ದು ಹೊಮ್ಮಲಿಲ್ಲ, ಮಾಂಸಕ್ಕೆ ಬಿತ್ತು. ಚೀರಿದ್ದು ಸಿರಿಲ್. ಆಮೇಲೆ ಚಾಟಿಯ ತೊಗಲಿನ ಮೇಲೆ ಚೂರಿ ಕರಕರ ಆಡಿತು. ಅಡ್ಡ ಬಂದು ಮುಖಕ್ಕೆ ಏಟು ತಿಂದವನು ಡಿಕ್ಸನ್ ಎಂದು ಆಮೇಲೆ ತಿಳಿಯಿತು. ಚಾಟಿಯನ್ನು ಬುಡಕ್ಕೆ ಕೊಯ್ದು ಮ್ಯಾನೇಜರನ ಮುಂದೆ ಎಸೆದವನೂ ಅವನೇ.

"ನಡಿ ಅವ್ವ," ಎಂದ.

ಅವಳು ನಡೆದಳು. ಹಿಂದೆ ನಮ್ಮ ಹಟ್ಟಿಯೆಲ್ಲ ಹೊರಟಿತು. ಕುದುರೆಗಳನ್ನು ಜೀನು ಸಮೇತ ಬಿಟ್ಟು ಹೊರಟಿತು. ಮುಂದೆ ಅತ್ತೆ ಇದ್ದಳಲ್ಲ, ನಾನು ತಲೆ ಎತ್ತದೆ ಎಲ್ಲರಿಗಿಂತ ಕೊನೆಯಲ್ಲಿ ಬಂದೆ. ದಾರಿಯುದ್ದಕ್ಕೂ ಮಣ್ಣಿನಲ್ಲಿ ಡಿಕ್ಸನ್‌ನ ರಕ್ತದ ಹನಿಗಳಿದ್ದವು. ಒಂದೊಂದನ್ನೂ ದಾಟಿಕೊಂಡು ನಡೆದೆ. ನಿಜ ಹೇಳುತ್ತೇನೆ, ಆ ಹನಿಗಳನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.