ಪುಣೆಗೆಂದು ಹೇಳಿ ಹೋದದ್ದು

ಇಪ್ಪತ್ತಾರು ದಿನ ಸಮುದ್ರದ ಮೇಲೆ ಇರಬೇಕಾಗಿದ್ದ ನರಸಿಂಹ ತನ್ನ ವೈನಿಗೆ, ಅಣ್ಣನ ಹೆಂಡತಿಗೆ, ಹೇಳಿದ್ದು ಪುಣೆ ಎಂದು. ಚಿತ್ತಾಪುರದ ಮಠದ ಓಣಿಯ ಮನೆಯಲ್ಲಿ, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಹೂಬತ್ತಿ ಹೊಸೆಯುತ್ತ ಕೂತಿದ್ದ ಸೀತಾಬಾಯಿ ತಲೆ ಎತ್ತದೆಯೇ ಕೇಳಿದಳು.

“ಎಷ್ಟು ದಿನಾ?”

“ತಿಂಗಳಾ ಆಗಬಹುದು, ವೈನಿ. ಪ್ರಮಿತಾಗ ಕಾಲೇಜಿನ ಕೆಲಸ ಭಾಳ ಅದಂತ. ಕೂಸಿನ್ನ ನೋಡ್ಕೊಳ್ಳಿಕ್ಕೆ ಯಾರೂ ಇಲ್ಲ.” ಪ್ರಮಿತಾ ಅವನ ಮಗಳು.

“ಹೋಗಿ ಬಾ. ಪುಣೆ ಏನು ದೂರ? ಒಂದು ರಾತ್ರಿ ಹಾದಿ.”

ಅಷ್ಟೇ. ಆ ಮನೆಯಲ್ಲಿ ಮಾತು ಯಾವಾಗಲೂ ಅಷ್ಟೇ ಇರುತ್ತಿತ್ತು. ನರಸಿಂಹನಿಗೆ ಎರಡು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆ ವರ್ಷವೇ ಅಣ್ಣ ಪವಮಾನನ ಕೈಹಿಡಿದು ಹದಿನೆಂಟರ ಸೀತಾಬಾಯಿ ಈ ಮನೆಗೆ ಬಂದಳು. ಅವಳಿಗೆ ಮಕ್ಕಳಾಗಲಿಲ್ಲ. ಮೈದುನನನ್ನು ಮಗನೆಂದು ಅವಳು ಒಮ್ಮೆಯೂ ಕರೆದವಳಲ್ಲ, ಆದರೆ ಅವನ ನೆತ್ತಿಗೆ ಎಣ್ಣೆ ಒತ್ತಿದ್ದು, ಮುಂಜಿಯಲ್ಲಿ ಮೊದಲ ಭಿಕ್ಷೆ ಹಾಕಿದ್ದು, ಜ್ವರ ಬಂದಾಗ ಮೂರು ರಾತ್ರಿ ಕೂತಿದ್ದು ಅವಳೇ. ಏಳು ವರ್ಷದ ಹಿಂದೆ ಪವಮಾನ ಹೋದ. ಹದಿಮೂರನೆಯ ದಿನ ಬಂದವರೆಲ್ಲ ಎದ್ದು ಹೋದ ಮೇಲೆ ಅವಳು ಒಂದು ಮಾತು ಕೇಳಿದ್ದಳು.

“ನನಗ ನೀನೇ ಬೆಂಕಿ ಇಡಬೇಕು, ನರಸಿಂಹ.”

“ಹೂಂ” ಅಂದಿದ್ದ ಅವನು. ಅರವತ್ತು ವರ್ಷದಲ್ಲಿ ಅವಳು ಅವನಿಂದ ಕೇಳಿದ್ದು ಅದೊಂದೇ.

ಹಾಗಾಗಿಯೇ ಈ ಸುಳ್ಳು. ನರಸಿಂಹ ಹುಡುಗನಾಗಿದ್ದಾಗ, ಲಂಡನ್ನಿಗೆ ಹೋಗಿ ಬಂದ ಬಂಧುವೊಬ್ಬ ಅಜ್ಜನ ಶ್ರಾದ್ಧಕ್ಕೆ ಬಂದಿದ್ದ. ಸೀತಾಬಾಯಿ ಅವನನ್ನು ನಗುನಗುತ್ತ ಮಾತಾಡಿಸಿದಳು, ಕಾಲಿಗೆ ನೀರು ಕೊಟ್ಟಳು. ಊಟಕ್ಕೆ ಎಲೆ ಹಾಕುವಾಗ ಮಾತ್ರ ಅವನ ಎಲೆಯನ್ನು ಒಳಗಿನ ಪಂಕ್ತಿಯಲ್ಲಿ ಹಾಕದೆ ಪಡಸಾಲೆಯಲ್ಲಿ ಬೇರೆಯಾಗಿ ಹಾಕಿದಳು. ಸಮುದ್ರ ದಾಟಿದವನು ಪಿತೃಕಾರ್ಯಕ್ಕೆ ಆಗುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಂಧು ತಲೆ ತಗ್ಗಿಸಿ ಉಂಡು ಎದ್ದ. ಆ ಎಲೆ ನರಸಿಂಹನ ಮನಸ್ಸಿನಲ್ಲಿ ಹಾಗೇ ಉಳಿದಿತ್ತು.

ಹಾಗಿದ್ದೂ ಹೋಗಬೇಕೆಂಬ ಆಸೆ ಯಾಕೆ ಬಂತು? ವಾಡಿ ಜಂಕ್ಷನ್ನಿನಲ್ಲಿ ಸ್ಟೇಶನ್ ಮಾಸ್ತರನಾಗಿ ಅವನು ಇಡೀ ಆಯುಷ್ಯ ಗಾಡಿಗಳನ್ನು ಬಿಟ್ಟಿದ್ದ. ಸಿಮೆಂಟಿನ ವ್ಯಾಗನ್ನು, ಶಹಾಬಾದದ ಫರಸಿ ಕಲ್ಲು, ಮುಂಬೈ ಕಡೆಗೆ ಒಂದು, ಮದ್ರಾಸ ಕಡೆಗೆ ಒಂದು. ಹಸಿರು ಬಾವುಟ ಬೀಸಿ ಒಳಗೆ ಬಂದು ಕೂರುವುದು ಅವನ ಕೆಲಸ. ಅವು ಹೋಗಿ ಮುಟ್ಟುವ ಕಡಲನ್ನು ನೋಡಿದವನಲ್ಲ. ಹೆಂಡತಿ ಶ್ರೀವಿದ್ಯಾ ಶಹಾಬಾದದ ಶಾಲೆಯಲ್ಲಿ ಇತಿಹಾಸ ಕಲಿಸಿದವಳು. ಅಲೆಕ್ಸಾಂಡ್ರಿಯಾ, ಜಿನೋವಾ ಎಂದು ನಕಾಶೆಯ ಮೇಲೆ ಕೋಲಿಟ್ಟು ತೋರಿಸಿ ತೋರಿಸಿ ಆ ಜಾಗದಲ್ಲಿ ಬಟ್ಟೆ ತೂತಾಗಿತ್ತಂತೆ. ಮಗಳು ಪ್ರಮಿತಾ ಇಬ್ಬರಿಗೂ ಜಿನೋವಾದ ತನಕ ಹಡಗಿನ ಟಿಕೀಟು ತೆಗೆಸಿದಾಗ, ಶ್ರೀವಿದ್ಯಾ ಕಾಗದದಲ್ಲಿದ್ದ ಊರುಗಳ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. ಆ ಮುಖ ನೋಡಿದ ಮೇಲೆ ಬೇಡವೆನ್ನಲು ಅವನಿಗೆ ಆಗಲಿಲ್ಲ.

ನಿಜ ಹೇಳಿದ್ದು ಒಬ್ಬನಿಗೇ. ಅವನ ಕೈಕೆಳಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಬಂದೇಅಲಿಗೆ. ವಾಡಿ ಸ್ಟೇಶನ್ನಿನ ಎದುರಿನ ಚಹಾದಂಗಡಿಯಲ್ಲಿ ಬಶಿಗೆ ಚಹಾ ಸುರುವುತ್ತ ಬಂದೇಅಲಿ ಕೇಳಿಸಿಕೊಂಡ.

“ಮಾಸ್ತರ್, ಮುಪ್ಪಿನ್ಯಾಗ ಸುಳ್ಳು ಹೇಳಿ ಊರು ಬಿಡಾಕತ್ತೀರಲ್ಲ. ಹರೇದಾಗ ಬಿಟ್ಟಿದ್ರ ಅದಕ್ಕೊಂದು ಅರ್ಥ ಇತ್ತು.”

“ನಗಬ್ಯಾಡೋ.”

“ನಗೂದಲ್ರಿ. ಮುಂದಿನ ಸ್ಟೇಶನ್ನಿಂದ ಲೈನ್ ಕ್ಲಿಯರ್ ತಗೊಳ್ಳದ ಗಾಡಿ ಬಿಟ್ಟಂಗಾತು ಇದು. ಅಮ್ಮಾಗ ಒಂದು ಮಾತು ಹೇಳಿ ಹೋಗ್ರಿ. ಬೈದ್ರ ಬೈಸ್ಕೋರಿ.”

“ಆಕಿ ಬೈಯೂದಿಲ್ಲ, ಬಂದೇಅಲಿ. ಅದೇ ಕಷ್ಟ.”

ಹಡಗು ಮುಂಬೈ ಬಿಟ್ಟಿತು. ಅದು ಹಡಗಲ್ಲ, ಸಿಮೆಂಟ್ ಕಾರ್ಖಾನೆಯ ಆದಿತ್ಯನಗರದ ಕಾಲನಿಯನ್ನೇ ಕಿತ್ತು ನೀರಿನ ಮೇಲಿಟ್ಟಂತೆ ಇತ್ತು. ಶ್ರೀವಿದ್ಯಾ ಡಬ್ಬಿ ತುಂಬ ಶೇಂಗಾ ಹಿಂಡಿ, ಮೆಂತ್ಯಹಿಟ್ಟು, ಹಚ್ಚಿದವಲಕ್ಕಿ ತಂದಿದ್ದಳು. ಮಸ್ಕತ್ತಿನಲ್ಲಿ ಹಳೆಯ ಕೋಟೆಯ ಮೆಟ್ಟಿಲು ಹತ್ತಿದರು. ಸಲಾಲಾದಲ್ಲಿ ಧೂಪದ ಅಂಗಡಿಯವನು ಅವಳ ಅಂಗೈಗೆ ಒಂದು ಹರಳು ಹಾಕಿದ. “ಈ ಧೂಪ ಹತ್ತಿದ ಹಡಗನ್ನೇ ನಾ ಹುಡುಗರಿಗೆ ಹೇಳ್ತಿದ್ದೆ” ಎಂದು ಅವಳು ಆ ಹರಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಸೂಯೆಜ್ ಕಾಲುವೆಯಲ್ಲಿ ಎರಡೂ ಕಡೆ ಮರಳು ಸರಿಯುವಾಗ ನರಸಿಂಹ ಹಡಗಿನ ಅಂಚಿನ ಕಟಾಂಜನ ಹಿಡಿದು ನಿಂತಿದ್ದ. ಒಂದರ ಹಿಂದೆ ಒಂದು ಸಾಲಾಗಿ ಬರುತ್ತಿದ್ದ ಹಡಗುಗಳನ್ನು ಯಾರೋ ಎಲ್ಲೋ ಕೂತು ಬಿಡುತ್ತಿದ್ದಾರೆ ಎಂದುಕೊಂಡ. ಅವನಿಗೆ ಸಂತೋಷವಾಗಿತ್ತು. ಅದನ್ನು ಆಮೇಲೆ ಅವನು ಎಷ್ಟೋ ಸಲ ನೆನೆದ: ತನಗೆ ನಿಜವಾಗಿ ಸಂತೋಷವಾಗಿತ್ತು.

ಊರಲ್ಲಿದ್ದಾಗ ಪ್ರತಿ ಗುರುವಾರ ವಾಡಿಯಿಂದ ಚಿತ್ತಾಪುರಕ್ಕೆ ಹೋಗುತ್ತಿದ್ದ. ಈಗ ಗುರುವಾರಕ್ಕೊಮ್ಮೆ ಫೋನು. ಸೀತಾಬಾಯಿಯ ಪಕ್ಕದ ಮನೆ ಮಠದ ಅರ್ಚಕ ಕೌಸ್ತುಭನದು. ಅವನ ಮೊಬೈಲಿಗೆ ವಾಟ್ಸಾಪಿನಲ್ಲಿ ಕರೆ ಹೋಗುತ್ತಿತ್ತು, ಅವನು ಒಯ್ದು ಅವಳ ಕೈಗೆ ಕೊಡುತ್ತಿದ್ದ. ಕರೆ ಮಾಡುವ ಮುಂಚೆ ನರಸಿಂಹ ಪುಣೆಯ ಹವೆ ನೋಡಿಕೊಳ್ಳುತ್ತಿದ್ದ.

“ಅಲ್ಲಿ ಮಳಿ ಅದ ಏನು?”

“ಇಲ್ಲ ವೈನಿ, ಮೋಡ ಆಗ್ಯದ.”

“ಅದೇನು ಸಪ್ಪಳ?”

“ಫ್ಯಾನಿಂದು.”

ಅವನೆದುರಿಗೆ ಗಾಳಿಗೆ ಕಡಲು ಮಗುಚಿ ಬೀಳುತ್ತಿತ್ತು. ಶ್ರೀವಿದ್ಯಾ ಬೇರೆ ಕಡೆ ನೋಡುತ್ತಿದ್ದಳು.

ಮಂಗಳವಾರ, ಬುಧವಾರ ಹಡಗು ಅಲೆಕ್ಸಾಂಡ್ರಿಯಾದಲ್ಲಿ ನಿಂತಿತ್ತು. ಬುಧವಾರ ಸಂಜೆ ಹೊರಟು, ಶನಿವಾರ ಬೆಳಗ್ಗೆ ಮಾಲ್ಟಾದ ವಲೆಟ್ಟಾ ಮುಟ್ಟುವುದಿತ್ತು. ನಡುವೆ ಬರೀ ನೀರು. ಗುರುವಾರ ಮುಂಜಾನೆ ಅವನು ಇನ್ನೂ ಫೋನು ಮಾಡಬೇಕು ಅನ್ನುವಷ್ಟರಲ್ಲಿ ಕೌಸ್ತುಭನ ಕರೆಯೇ ಬಂತು.

“ಕಾಕಾ, ಅಜ್ಜಿ ಹೋದ್ರು.”

ನರಸಿಂಹ ಫೋನನ್ನು ಕಿವಿಗೆ ಒತ್ತಿ ಹಿಡಿದ.

“ಈಗ ಒಂದು ತಾಸಾತು. ಏಕಾದಶಿ ಪಾರಣಿ ಆಗಿ ಅಡ್ಡಾಗಿದ್ರು. ನಮ್ಮನಿಯಾಕಿ ಎಬ್ಬಿಸ್ಲಿಕ್ಕೆ ಹೋದ್ರ ಏಳಲಿಲ್ಲ. ಕೇಳ್ಸಾಕತ್ತದಲ್ಲ? ನೀವು ಸಂಜಿ ಗಾಡಿ ಹತ್ರಿ. ಮುಂಜಾನಿ ವಾಡಿಗೆ ಇಳೀತೀರಿ, ನಾ ಕಾರು ತಗೊಂಡು ಸ್ಟೇಶನ್ನಿಗೆ ಬರ್ತೀನಿ. ನಿಮ್ಮ ಕೈಯಿಂದನೇ ಆಗಬೇಕಂತ ಅವರು ಓಣಿಗೆಲ್ಲ ಹೇಳಿಟ್ಟಾರ. ಅಲ್ಲೀತನಕ ಇಡ್ತೀವಿ.”

“ಆತು” ಅಂದ ನರಸಿಂಹ.

ಯಾಕೆ ಹಾಗಂದ ಎಂದು ಅವನಿಗೇ ಹೇಳಲಾಗುತ್ತಿರಲಿಲ್ಲ. ಆ ಮನೆಯಿಂದ ಬಂದ ಮಾತಿಗೆ ಅವನ ಬಾಯಲ್ಲಿ ಬೇರೆ ಉತ್ತರ ಯಾವತ್ತೂ ಇರಲಿಲ್ಲ. ಅಥವಾ ಆ ಒಂದು ಗಳಿಗೆ ಅವನು ನಿಜವಾಗಿಯೂ ಪುಣೆಯಲ್ಲಿದ್ದ. ಸಂಜೆಯ ಗಾಡಿ ಇತ್ತು, ಮುಂಜಾನೆ ವಾಡಿ ಇತ್ತು.

ಉಟ್ಟ ಬಟ್ಟೆಯಲ್ಲೇ ಹೋಗಿ ಕೋಣೆಯ ಷವರಿನ ಕೆಳಗೆ ನಿಂತ. ಸಾವಿನ ಸುದ್ದಿ ಕೇಳಿದ ಕೂಡಲೇ ಹಾಗೆ ಮೀಯಬೇಕೆಂದು ವೈನಿಯೇ ಕಲಿಸಿದ್ದು. ಹೊರಗೆ ಬಂದಾಗ ಶ್ರೀವಿದ್ಯಾ ಅವನ ಒದ್ದೆ ಅಂಗಿ ನೋಡಿ ತಿಳಿದುಕೊಂಡಳು. ಅವಳೂ ಹೋಗಿ ಮಿಂದಳು.

“ಹೇಳಿದ್ರೇನು, ಎಲ್ಲಿದ್ದೀವಂತ?”

ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ. ಅವಳು ಹೌದೆಂದುಕೊಂಡಳು.

ಆ ದಿನವೆಲ್ಲ ಫೋನು ಅವನ ಮುಂದೆಯೇ ಇತ್ತು. ಎರಡು ಸಲ ಕೈಗೆ ತಗೊಂಡ. ಏನೆಂದು ಶುರು ಮಾಡುವುದು? ಮಠದ ಓಣಿಯ ನಿಯಮ ಅವನಿಗೆ ಗೊತ್ತಿತ್ತು: ಓಣಿಯಲ್ಲಿ ಹೆಣ ಇರುವ ತನಕ ಮಠದೊಳಗೆ ದೇವರಿಗೆ ನೈವೇದ್ಯವಿಲ್ಲ, ಮನೆಗಳಲ್ಲಿ ಒಲೆ ಹೊತ್ತಿಸುವುದಿಲ್ಲ. ಆ ದೇವರಿಗೆ ಅರವತ್ತು ವರ್ಷ ದಿನವೂ ಬತ್ತಿ ಹೊಸೆದವಳು ಈಗ ಅವನಿಗಾಗಿ ಕಾಯುತ್ತ ಮಲಗಿ, ಆ ದೇವರನ್ನೇ ಉಪವಾಸ ಕೆಡವಿದ್ದಳು. ಗೊತ್ತಿದ್ದೂ ಅವನು ಸುಮ್ಮನೆ ಕೂತ. ಹೊತ್ತು ಹೋದಷ್ಟೂ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಶುಕ್ರವಾರ ಹಡಗಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಫೋನು ಬಂತು. ಹಿಂದೆ ವಾಡಿ ಸ್ಟೇಶನ್ನಿನ ಗದ್ದಲ. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬಂದಿದೆ ಎಂದು ಆ ಗದ್ದಲದಿಂದಲೇ ಅವನಿಗೆ ತಿಳಿಯುತ್ತಿತ್ತು.

“ಕಾಕಾ, ಯಾವ ಡಬ್ಬಿದಾಗ ಇದ್ದೀರಿ? ಎರಡು ಗಾಡಿ ನೋಡಿದೆ. ಬಂದೇಅಲಿ ಕಾಕಾನೂ ಬಂದಾರ, ಆ ತುದಿಯಿಂದ ಅವರು, ಈ ತುದಿಯಿಂದ ನಾನು.”

ಆಗ ಹೇಳಿದ. ಹಡಗು, ಸಮುದ್ರ, ನಾಳೆ ಬೆಳಗಿನ ತನಕ ನೆಲ ಇಲ್ಲ. ಹೇಳಿ ಮುಗಿಸಲು ನಾಲ್ಕು ಮಾತು ಸಾಕಾದವು.

ಕೌಸ್ತುಭನ ಹಿಂದೆ ಗಾಡಿ ಹೊರಟ ಸದ್ದು ಕೇಳಿಸಿತು.

“ನಿನ್ನೆ ಹೇಳಬೇಕಿತ್ತಲ್ರಿ” ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಓಣ್ಯಾಗ ನಿನ್ನಿಯಿಂದ ಹುಡುಗರೂ ಉಂಡಿಲ್ಲ.”

ಫೋನು ಕೈ ಬದಲಾಯಿತು. “ಮಾಸ್ತರ್” ಎಂದ ಬಂದೇಅಲಿ. ಅಷ್ಟೇ ಅಂದು ವಾಪಸ್ಸು ಕೊಟ್ಟ.

ಪಕ್ಕದಲ್ಲಿ ಎದ್ದು ಕೂತಿದ್ದ ಶ್ರೀವಿದ್ಯಾ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಪೆಟ್ಟಿಗೆ ತೆಗೆದು ಬಟ್ಟೆ ಮಡಚತೊಡಗಿದಳು. ಜಿನೋವಾ ಇನ್ನೂ ನಾಲ್ಕು ದಿನದ ದೂರದಲ್ಲಿತ್ತು.

ವಲೆಟ್ಟಾದ ಹೊನ್ನಿನ ಬಣ್ಣದ ಕೋಟೆಗೋಡೆಗಳನ್ನು ಅವರು ನೋಡಿದ್ದು ಕಚೇರಿಗಳ ಕಿಟಕಿಯಿಂದ. ಹಡಗನ್ನು ನಡುವೆಯೇ ಬಿಡುವ ಕಾಗದಪತ್ರ ಮುಗಿದು, ಎರಡು ವಿಮಾನ ಬದಲಿಸಿ, ಹೈದರಾಬಾದಿಗೆ ಇಳಿದು, ಸೇಡಂ ಮೇಲೆ ಚಿತ್ತಾಪುರ ಮುಟ್ಟುವಾಗ ಮಂಗಳವಾರ, ಸತ್ತ ಆರನೆಯ ದಿನ.

ಪಡಸಾಲೆಯಲ್ಲಿ ತಲೆ ಬೋಳಿಸಿಕೊಂಡ ಒಬ್ಬ ಗಂಡಸು ಚಾಪೆಯ ಮೇಲೆ ಕೂತಿದ್ದ. ಗುಂಡಗುರ್ತಿಯ ಅಮರನಾಥ, ದೂರದ ದಾಯಾದಿ. ಗೋತ್ರ ಒಂದೇ ಎಂದು ಅವನನ್ನು ಕರೆಸಿ ಬೆಂಕಿ ಇಡಿಸಿದ್ದರು. ನರಸಿಂಹನನ್ನು ನೋಡಿ ಅವನು ತಪ್ಪು ಮಾಡಿದವನಂತೆ ಎದ್ದು ನಿಂತ.

“ನಾ ಅವರನ್ನ ಎರಡು ಸಲಾ ನೋಡಿದ್ದೆ ಅಷ್ಟೇ, ಕಾಕಾ. ಮದಿವ್ಯಾಗ.”

ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಕೌಸ್ತುಭ ಒಂದೊಂದಾಗಿ ಹೇಳಿದ.

“ಮಂಗಳವಾರನೇ ಎದಿ ಹಿಡದಂಗ ಆಗ್ಯದ ಅಂದ್ರು. ಡಾಕ್ಟರ್ ಬಂದು, ಮನಿಯವ್ರಿಗೆ ಹೇಳ್ರಿ ಅಂದಾ. ಕಾಕಾಗ ಫೋನ್ ಹಚ್ತೀನಿ ಅಂದೆ. ಬ್ಯಾಡ ಅಂದ್ರು. ಮೊಮ್ಮಗಳ ಹತ್ರ ನಾಲ್ಕು ದಿನ ಇರ್ಲಿ, ಪುಣೆ ಒಂದು ರಾತ್ರಿ ಹಾದಿ, ಭಾಳ ಆದ್ರ ಕರದ್ರಾತು ಅಂದ್ರು.”

ಮಂಗಳವಾರ. ಅಲೆಕ್ಸಾಂಡ್ರಿಯಾ. ಕಡಲದಂಡೆಯ ಗೋಡೆಯ ಮೇಲೆ ಕೂತು ಅವನೂ ಶ್ರೀವಿದ್ಯಾಳೂ ಪುದೀನಾ ಹಾಕಿದ ಚಹಾ ಕುಡಿದಿದ್ದರು. ವಿಮಾನ ನಿಲ್ದಾಣದ ದಾರಿ ತೋರಿಸುವ ಹಲಗೆ ಅಲ್ಲೇ ಇತ್ತು. ತಾನು ಎಲ್ಲಿದ್ದೇನೆಂದು ವೈನಿಗೆ ಗೊತ್ತಿದ್ದರೆ, ಮಂಗಳವಾರವೇ ಕರೆಯುತ್ತಿದ್ದಳು. ಅವಳ ಜೀವ ಇದ್ದಾಗಲೇ ಬಂದು ಮುಟ್ಟಬಹುದಿತ್ತು.

“ಸಮುದ್ರಾ ದಾಟಿದ್ರ ಆಕಿ…” ಎಂದ ನರಸಿಂಹ.

“ಅದನ್ನ ಈಗ ಯಾರು ಹಿಡೀತಾರ, ಕಾಕಾ? ಪಂಚಗವ್ಯ ತಗೊಂಡು ಜನಿವಾರ ಬದಲಿಸಿದ್ರ ಮುಗೀತು. ನನ್ನ ತಮ್ಮ ಜರ್ಮನಿಯಿಂದ ಬಂದಾಗ ಅಜ್ಜಿನೇ ಅದನ್ನ ಮಾಡಿಸಿ, ಪಂಕ್ತಿಗೆ ಕರದು ಬಡಿಸಿದ್ರು. ನಿಮಗ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

“ಹಂಗಾದ್ರ ಉಳದಿದ್ದು ನಾ ಮಾಡ್ಲೇನು?”

“ಬೆಂಕಿ ಇಟ್ಟಾವನೇ ಹತ್ತು ದಿನಾ ಮಾಡಬೇಕು. ನಡುವ ಬದಲಿಸ್ಲಿಕ್ಕೆ ಬರೂದಿಲ್ರಿ.”

ಹತ್ತನೆಯ ದಿನ ಎಲ್ಲರೂ ಕಾಗಿಣಾ ನದಿಯ ದಂಡೆಗೆ ಹೋದರು. ಅಮರನಾಥ ಪಿಂಡ ಇಟ್ಟು ದೂರ ಸರಿದ. ಆಚೆ ಜಾಲಿಗಿಡದ ಮೇಲೆ ನಾಲ್ಕು ಕಾಗೆಗಳಿದ್ದವು. ಕಾಗೆ ಬಂದು ಮುಟ್ಟಿದರೆ ಸತ್ತವರ ಮನಸ್ಸಿನಲ್ಲಿ ಏನೂ ಉಳಿದಿಲ್ಲ ಎಂದರ್ಥ. ಅವು ಬರಲಿಲ್ಲ. ಬಿಸಿಲು ಏರಿತು.

ಉಳಿದದ್ದೇನಿದ್ದರೂ ನಡೆಸಿಕೊಡುತ್ತೇವೆಂದು ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಡತೊಡಗಿದರು. “ಬತ್ತಿ ನಮ್ಮ ಮನಿಯಿಂದ ಹೋಗ್ತಾವ, ಅಜ್ಜಿ” ಎಂದ ಕೌಸ್ತುಭ. “ತುಳಸಿಗೆ ನಾ ನೀರು ಹಾಕ್ತೀನಿ, ವೈನಿ” ಎಂದಳು ಶ್ರೀವಿದ್ಯಾ. ಕಾಗೆಗಳು ಕದಲಲಿಲ್ಲ. ಆಮೇಲೆ ಎಲ್ಲರೂ ನೀರು ನೋಡುತ್ತಿದ್ದರು, ನರಸಿಂಹನನ್ನು ನೋಡಬಾರದೆಂದು.

ನರಸಿಂಹ ಮುಂದೆ ಬಂದು ಕೈ ಮುಗಿದ.

“ವೈನಿ, ನಾ ಪುಣೆದಾಗ ಇದ್ದಿಲ್ಲ” ಅಂದ. “ಹಡಗಿನ್ಯಾಗ ಹೋಗಿದ್ದೆ. ನಿನಗ ಹೇಳ್ಲಿಕ್ಕೆ ಅಂಜಿದೆ. ಕೌಸ್ತುಭ ಕರದಾಗೂ ಹೇಳಲಿಲ್ಲ. ನಿನ್ನ ಒಂದು ದಿನ ಸುಮ್ಮನ ಕಾಯಿಸಿದೆ.”

ಮಾತು ಕೊಡಲು ಅವನ ಹತ್ತಿರ ಏನೂ ಇರಲಿಲ್ಲ. ಕೊಟ್ಟ ಒಂದು ಮಾತು ಆಗಲೇ ತಪ್ಪಿ ಹೋಗಿತ್ತು. ಹಾಗೇ ನಿಂತ. ಒಂದು ಕಾಗೆ ರೆಕ್ಕೆ ಬಿಚ್ಚಿ, ನದಿಯ ಮೇಲೆ ಹಾರಿ, ಆಚೆಯ ತೊಗರಿ ಹೊಲಗಳ ಕಡೆಗೆ ಹೋಯಿತು. ಉಳಿದವೂ ಅದರ ಹಿಂದೆ ಹೋದವು.

ಕೌಸ್ತುಭ ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಎರಡೆಳೆ ದರ್ಭೆ ಮಡಚಿ, ಗಂಟು ಹಾಕಿ ಕಾಗೆಯ ಆಕಾರ ಮಾಡಿ ಅಮರನಾಥನ ಕೈಗೆ ಕೊಟ್ಟ. ಕಾಗೆ ಬಾರದಿದ್ದರೆ ಹಾಗೆ ಮಾಡುವುದು ಪದ್ಧತಿ. ಅಮರನಾಥ ಅದನ್ನು ಪಿಂಡಕ್ಕೆ ಮುಟ್ಟಿಸಿದ.

ಇನ್ನು ದಾಯಾದಿಗಳು ನೀರು ಬಿಡಬೇಕು. ನರಸಿಂಹ ಸಾಲಿನಲ್ಲಿ ಐದನೆಯವನಾಗಿ ನಿಂತ. ಅವನ ಸರದಿ ಬಂದಾಗ ಬೊಗಸೆಯಲ್ಲಿ ಎಳ್ಳು-ನೀರು ಹಿಡಿದು ಬಾಗಿದ. ಗೋತ್ರ ಯಾವುದು, ಸತ್ತವರ ಹೆಸರೇನು, ಹೇಗೆ ಹೇಳಬೇಕು ಎಂದು ಕೌಸ್ತುಭ ಮೊದಲಿನ ನಾಲ್ಕು ಜನಕ್ಕೆ ಹೇಳಿಕೊಟ್ಟಂತೆಯೇ ಅವನಿಗೂ ಮೆಲ್ಲಗೆ ಬಿಡಿಸಿ ಹೇಳಿಕೊಟ್ಟ. ನರಸಿಂಹ ಅದನ್ನು ಹಾಗೆಯೇ ತಿರುಗಿ ಹೇಳಿದ.