ಯಾಕಮ್ಮನ ರಾಗ ಮನೆ ಸೇರಿದ್ದು

ಮೂರನೇ ತರಗತಿಯ ಅಷ್ಟೂ ಮಕ್ಕಳ ಕೈಗೆ ಒಟ್ಟಿಗೇ ರೆಕಾರ್ಡರ್ ಕೊಟ್ಟು ನೋಡಿ, ಸಂಗೀತದ ಬಗ್ಗೆ ನಿಮಗಿದ್ದ ಭ್ರಮೆಯೆಲ್ಲ ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಕೊಳಲು ತಾನೇ, ಊದಿದರಾಯಿತು ಅನ್ನುವವರು ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರನ್ನು ಕೇಳಬೇಕು. ನಡುವಿನ ಗೋಡೆ ತೆಳ್ಳಗಿತ್ತು. ವಾರಗಟ್ಟಲೆ ಕೇಳಿ ಕೇಳಿ ಅವರ ತಲೆ ಚಿಟ್ಟುಹಿಡಿದು, ದೂರು ಹೆಡ್ ಮೇಡಂವರೆಗೆ ಹೋಯಿತು.

"ಶುಕ್ರವಾರ ನಾನೇ ಬಂದು ಕೇಳ್ತೀನಿ. ಬರೀ ಗಲಾಟೆ ಅನ್ನಿಸಿದ್ರೆ ಆ ಪಿರಿಯಡ್ಡನ್ನ ಮೇಷ್ಟ್ರಿಗೇ ಕೊಟ್ಬಿಡ್ತೀನಿ" ಎಂದರು ಹೆಡ್ ಮೇಡಂ.

ಸಂಗೀತದ ಟೀಚರ್ ಶುಕ್ರವಾರಕ್ಕೆ ದಿನ ಎಣಿಸತೊಡಗಿದರು. ಯಾರದೋ ಹಾಡನ್ನು ಊದುವುದು ಬಿಟ್ಟು ತಮ್ಮದೇ ರಾಗ ಕಟ್ಟುವ ರುಚಿ ಮಕ್ಕಳಿಗೆ ಈಗಷ್ಟೇ ಹತ್ತಿತ್ತು. ಉಣ್ಣುತ್ತಿರುವ ಮಕ್ಕಳ ಮುಂದಿನಿಂದ ತಟ್ಟೆ ಎತ್ತಿಕೊಂಡು ಹೋಗುತ್ತೀವಿ ಅಂದರೆ ಯಾರಿಗೆ ತಾನೇ ಸಂಕಟವಾಗದು?

ಸ್ವರಗಳ ಹೆಸರು ಹೇಳಿ ಟೀಚರ್ ಮಕ್ಕಳನ್ನು ಹೆದರಿಸಿರಲಿಲ್ಲ. ಹಿಂದಿನ ತೂತಿಗೆ ಹೆಬ್ಬೆರಳು. ಮುಂದೆ ಒಂದು ಬೆರಳು ಮುಚ್ಚಿದರೆ 'ಒಂದು', ಎರಡಾದರೆ 'ಎರಡು', ಮೂರಾದರೆ 'ಮೂರು'. ಬಿಸಿ ಹಾಲು ಆರಿಸುವಷ್ಟು ಮೆಲ್ಲಗೆ ಊದಬೇಕು. ಈ ಮೂರರಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದು, ಆದರೆ ಕೊನೆಗೆ 'ಮೂರಕ್ಕೆ' ಬಂದು ನಿಲ್ಲಬೇಕು. ಅದು ಮನೆ.

ಎಲ್ಲರೂ ಮನೆ ಸೇರಿದರು, ಯಾಕಮ್ಮನೊಬ್ಬಳನ್ನು ಬಿಟ್ಟು. ಮಾತುಮಾತಿಗೂ "ಯಾಕೆ?" ಅನ್ನುತ್ತಿದ್ದ ಆ ಮುಂದಿನ ಹಲ್ಲು ಬಿದ್ದ ಹುಡುಗಿಗೆ ಮೇಷ್ಟ್ರುಗಳೆಲ್ಲ ಸೇರಿ ಇಟ್ಟ ಹೆಸರದು. ಅವಳ ರಾಗವೇ ಎಲ್ಲಕ್ಕಿಂತ ಚೆಂದ. ಆದರೆ ಅದು 'ಎರಡಕ್ಕೆ' ಬಂದು ಗಕ್ಕನೆ ನಿಂತುಬಿಡುತ್ತಿತ್ತು.

"ಕೊನೇಲಿ ಮೂರು ಊದಮ್ಮ."

"ಯಾಕೆ ಮಿಸ್?"

"ಕೇಳೋರಿಗೆ ಮುಗೀತು ಅನ್ನಿಸಬೇಕಲ್ವಾ?"

"ಮುಗೀತು ಅಂದ್ರೆ ಮರ್ತುಬಿಡ್ತಾರೆ. ನಮ್ಮಜ್ಜಿ ಕಥೇನ ಅರ್ಧಕ್ಕೆ ನಿಲ್ಲಿಸಿದ್ರೇನೇ ನಾನು ಮಾರನೇ ದಿನ ಓಡಿ ಹೋಗೋದು."

ಬೈದರು, ಮುದ್ದು ಮಾಡಿದರು, ಊಹೂಂ. ಹಿಡಿದ ಪಟ್ಟು ಸಡಿಲಲಿಲ್ಲ. ರಾಗ ಅವಳದು ಅಂದ ಮೇಲೆ ಅವಳ ಮಾತೇ ನಡೆಯಬೇಕಲ್ಲ! ಅವಳ ಸರದಿಯನ್ನು ನಡುವೆ ಎಲ್ಲೋ ತೂರಿಸಿದರೆ ಹೆಡ್ ಮೇಡಂಗೆ ಗೊತ್ತಾಗಲಿಕ್ಕಿಲ್ಲ ಎಂದು ಟೀಚರ್ ಸಮಾಧಾನ ಮಾಡಿಕೊಂಡರು.

ಶುಕ್ರವಾರ ಹೆಡ್ ಮೇಡಂ ಮುಖ ಗಂಟಿಕ್ಕಿಕೊಂಡೇ ಕೂತರು. ಒಂದೊಂದೇ ರಾಗ ಮನೆ ಸೇರಿತು. ಯಾಕಮ್ಮನ ಸರದಿ ಬಂದಾಗ ಅವಳು ಶೂ ಲೇಸು ಕಟ್ಟಿಕೊಳ್ಳುತ್ತಾ ಕೂತಿದ್ದರಿಂದ ಅವಳ ಪಾಳಿ ಕೊನೆಗೇ ಬಿತ್ತು.

ಅವಳು ಊದಿದಳು. ರಾಗ ಏರಿತು, ಇಳಿಯಿತು, ಕುಣಿಯಿತು, 'ಎರಡರ' ಮೇಲೆ ನಿಂತೇಬಿಟ್ಟಿತು.

ಪಕ್ಕದ ಕೋಣೆಯಲ್ಲಿ ಬೋರ್ಡಿನ ಮೇಲೆ ಓಡುತ್ತಿದ್ದ ಸೀಮೆಸುಣ್ಣವೂ ನಿಂತಿತು. ಟೀಚರ್ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಒಂದು ದಪ್ಪ ಗಂಡು ದನಿ "ಊಂ..." ಎಂದು ಕರಾರುವಾಕ್ಕಾಗಿ 'ಮೂರನ್ನು' ಹಾಡಿತು.

ಆ ಕೋಣೆಯ ಮಕ್ಕಳೆಲ್ಲ ಗೊಳ್ಳೆಂದರು. ಈ ಕೋಣೆಯವರೂ ತಡೆದುಕೊಳ್ಳಲಿಲ್ಲ. ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ಬಾಗಿಲಿಗೆ ಬಂದರು, ಮುಖ ಕೆಂಪಾಗಿತ್ತು.

"ತಪ್ಪು ತಿಳ್ಕೋಬೇಡಿ ಮೇಡಂ, ತಡ್ಕೊಳ್ಳೋಕಾಗ್ಲಿಲ್ಲ. ಲೆಕ್ಕ ಪೂರ್ತಿ ಮಾಡಿ ಉತ್ತರ ಮಾತ್ರ ಬರೀದೆ ಬಿಟ್ರೆ ಹೇಗೆ?"

"ಬರೀ ಗಲಾಟೆ ಆಗಿದ್ರೆ ಅದರ ಕೊನೇ ಸ್ವರ ನಿಮ್ಮ ಬಾಯಿಗೆ ಬರ್ತಾನೇ ಇರ್ಲಿಲ್ಲ ಬಿಡಿ ಮೇಷ್ಟ್ರೇ" ಎಂದು ಹೆಡ್ ಮೇಡಂ ನಗುತ್ತಾ ಎದ್ದರು. "ಪಿರಿಯಡ್ಡು ಎಲ್ಲಿದೆಯೋ ಅಲ್ಲೇ ಇರ್ಲಿ."

ಟೀಚರ್ ಯಾಕಮ್ಮನನ್ನು ಬಾಚಿ ತಬ್ಬಿಕೊಂಡರು. ಖುಷಿಗೆ ಕಣ್ಣಲ್ಲಿ ನೀರೇ ಬಂದಿತ್ತು. ಯಾಕಮ್ಮ ಮಾತ್ರ ಅವರ ತೋಳಿನ ಸಂದಿಯಿಂದ ಮುಖ ಹೊರಗೆ ಹಾಕಿ, "ಸಾರ್, ಸೋಮವಾರ ಇನ್ನೊಂದು ರಾಗ ಕಟ್ಕೊಂಡ್ ಬರ್ತೀನಿ. ಅದನ್ನೂ ಅರ್ಧಕ್ಕೇ ನಿಲ್ಲಿಸ್ತೀನಿ" ಎಂದಳು.

"ಯಾಕೆ?" ಎಂದರು ಮೇಷ್ಟ್ರು.